ಸುಖಾಂತ್ಯದ ಆಚೆಗಿನ ಕಥೆ: ಬೂಟು ತೊಟ್ಟ ಬೆಕ್ಕಿನ ಎರಡನೆಯ ಚಿತ್ರ ಮೊದಲನೆಯದನ್ನು ಮೀರಿದ್ದು ಹೇಗೆ

ಒಂದು ಬೆಕ್ಕು ಬಾರಿನಲ್ಲಿ ಕುಳಿತಿದೆ. ತಲೆಯ ಮೇಲೆ ಗರಿ ಸಿಕ್ಕಿಸಿದ ಟೋಪಿ, ಕಾಲಿಗೆ ಬೂಟು, ಸೊಂಟದಲ್ಲಿ ಕತ್ತಿ. ಶಿಳ್ಳೆ ಹಾಕುತ್ತ ಬಂದ ಅಪರಿಚಿತ ತೋಳವೊಂದು ಅದರೊಡನೆ ಮಾತಿಗಿಳಿಯುತ್ತದೆ. ಮಾತು ಕಾಳಗಕ್ಕೆ ತಿರುಗಿ, ತೋಳದ ಕುಡುಗೋಲು ಬೆಕ್ಕಿನ ಹಣೆಯನ್ನು ಸವರಿಕೊಂಡು ಹೋಗುತ್ತದೆ. ಗಾಯ ಕೂದಲೆಳೆಯಷ್ಟೇ, ಆದರೆ ಅದರಿಂದ ಒಂದು ತೊಟ್ಟು ರಕ್ತ ಮೆಲ್ಲನೆ ಕೆಳಗಿಳಿಯುತ್ತದೆ. ಯಾವ ಅಲಗೂ ತನ್ನನ್ನು ಈವರೆಗೆ ಮುಟ್ಟಿಲ್ಲವೆಂದು ಹಾಡಿ ಮೆರೆದಿದ್ದ ಬೆಕ್ಕಿನ ರೋಮ ನಿಮಿರಿ ನಿಲ್ಲುತ್ತದೆ, ಕಣ್ಣು ಅರಳುತ್ತದೆ, ಮರುಕ್ಷಣವೇ ಅದು ಜೀವ ಉಳಿಸಿಕೊಳ್ಳಲು ಓಟ ಕೀಳುತ್ತದೆ.

2022ರ ಡಿಸೆಂಬರ್‌ನಲ್ಲಿ ತೆರೆಕಂಡ 'ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್' ಎಂಬ ಅನಿಮೇಷನ್ ಚಿತ್ರದ ಆರಂಭದ ಭಾಗದಲ್ಲಿ ಬರುವ ದೃಶ್ಯವಿದು. 2011ರ 'ಪುಸ್ ಇನ್ ಬೂಟ್ಸ್' ಇದರ ಮೊದಲ ಭಾಗ. ಎರಡನೆಯ ಭಾಗವೆಂದರೆ ಮೊದಲನೆಯದರ ಸಪ್ಪೆ ನಕಲು ಎಂದುಕೊಂಡು ಹೋದ ಪ್ರೇಕ್ಷಕರಲ್ಲಿ ಬಹಳ ಮಂದಿ ಅಭಿಪ್ರಾಯ ಬದಲಿಸಿಕೊಂಡು ಹೊರಬಂದರು. ಈ ಬೆಕ್ಕು ಮೊದಲು ಕಾಣಿಸಿಕೊಂಡ ಶ್ರೆಕ್ ಸರಣಿಯ ಐದನೆಯ ಚಿತ್ರ ಘೋಷಣೆಯಾದ ಮೇಲೆ, ಅಡಗೂಲಜ್ಜಿ ಕಥೆಗಳ ಮುಂದಿನ ಭಾಗಗಳು ಎಂದಾದರೂ ಮೊದಲನೆಯದಕ್ಕಿಂತ ಚೆನ್ನಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಮತ್ತೆ ಎದ್ದಿದೆ. ಸಾಧ್ಯ, ಆದರೆ ಅಪರೂಪ. ಅದು ಹೇಗೆಂದು ತಿಳಿಯಲು ಈ ಬೆಕ್ಕಿನ ಚಿತ್ರ ಒಳ್ಳೆಯ ಉದಾಹರಣೆ. ಚಿತ್ರವನ್ನು ಇನ್ನೂ ನೋಡದವರು ಗಮನಿಸಬೇಕು: ಕೊನೆಯ ಗುಟ್ಟನ್ನು ಬಿಟ್ಟುಕೊಡದೆ ಈ ವಿಷಯವನ್ನು ಬಿಡಿಸಿ ಹೇಳಲು ಬರುವುದಿಲ್ಲ.

ಸೀಕ್ವೆಲ್, ಸ್ಪಿನ್-ಆಫ್ ಮತ್ತು ಅಡಗೂಲಜ್ಜಿ ಕಥೆ

ಒಂದು ಚಿತ್ರದ ಕಥೆ ನಿಂತಲ್ಲಿಂದ ಅದೇ ಪಾತ್ರಗಳೊಂದಿಗೆ ಮುಂದುವರಿಯುವ ಚಿತ್ರವನ್ನು ಸೀಕ್ವೆಲ್ ಎನ್ನುತ್ತಾರೆ. ಒಂದು ಚಿತ್ರದಲ್ಲಿ ಪಕ್ಕದಲ್ಲಿದ್ದ ಪಾತ್ರವನ್ನು ಎತ್ತಿಕೊಂಡು ಅದಕ್ಕೇ ಬೇರೆ ಚಿತ್ರ ಮಾಡಿದರೆ ಅದು ಸ್ಪಿನ್-ಆಫ್, ಅಂದರೆ ಕವಲು ಚಿತ್ರ. ನಮ್ಮ ಬೆಕ್ಕಿನ ವಿಷಯದಲ್ಲಿ ಎರಡೂ ಸೇರಿಕೊಂಡಿವೆ. ಪುಸ್ ಮೊದಲು ಬಂದದ್ದು 2004ರ 'ಶ್ರೆಕ್ 2' ಚಿತ್ರದಲ್ಲಿ, ನಾಯಕನನ್ನು ಕೊಲ್ಲಲು ಹಣ ಪಡೆದು ಬಂದು ಕೊನೆಗೆ ಅವನ ಗೆಳೆಯನಾಗುವ ಸಣ್ಣ ಪಾತ್ರವಾಗಿ. ಪಾತ್ರ ಜನರಿಗೆ ಹಿಡಿಸಿದ್ದರಿಂದ 2011ರಲ್ಲಿ ಅವನದೇ ಚಿತ್ರ ಬಂತು, ಹನ್ನೊಂದು ವರ್ಷಗಳ ನಂತರ ಅದರ ಮುಂದಿನ ಭಾಗ ಬಂತು. ಮೂರೂ ಡ್ರೀಮ್‌ವರ್ಕ್ಸ್ ಅನಿಮೇಷನ್ ಸ್ಟುಡಿಯೋದ ಚಿತ್ರಗಳು. 2004ರಿಂದಲೂ ಮೂಲ ಇಂಗ್ಲಿಷ್ ಆವೃತ್ತಿಯಲ್ಲಿ ಪುಸ್‌ಗೆ ದನಿ ಕೊಟ್ಟವರು ಸ್ಪೇನಿನ ನಟ ಆಂಟೋನಿಯೊ ಬಂಡೇರಸ್.

ಬೆಕ್ಕಿನ ಕಥೆ ಮಾತ್ರ ಇವೆಲ್ಲಕ್ಕಿಂತ ಬಹಳ ಹಳೆಯದು. ಅದರ ಒಂದು ರೂಪ ಹದಿನಾರನೆಯ ಶತಮಾನದ ಇಟಲಿಯಲ್ಲೇ ಅಚ್ಚಾಗಿತ್ತು. ನಾವು ಇಂದು ಬಲ್ಲ ರೂಪವನ್ನು 1697ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಶಾರ್ಲ್ ಪೆರೋ. ಗಿರಣಿಯವನ ಕಿರಿಮಗನಿಗೆ ಪಿತ್ರಾರ್ಜಿತವಾಗಿ ಸಿಕ್ಕಿದ್ದು ಒಂದು ಬೆಕ್ಕು ಮಾತ್ರ. ಆ ಬೆಕ್ಕು ಬೂಟು ಕೇಳಿ ಪಡೆದು, ಸುಳ್ಳು ಹೇಳಿ, ರೂಪ ಬದಲಿಸಬಲ್ಲ ರಕ್ಕಸನನ್ನು ಇಲಿಯಾಗುವಂತೆ ಪುಸಲಾಯಿಸಿ ತಿಂದುಹಾಕಿ, ತನ್ನೊಡೆಯನಿಗೆ ಕೋಟೆಯನ್ನೂ ರಾಜಕುಮಾರಿಯನ್ನೂ ದೊರಕಿಸಿಕೊಡುತ್ತದೆ. ಕೊನೆಯಲ್ಲಿ ತಾನೂ ದೊಡ್ಡ ಶ್ರೀಮಂತನಾಗಿ, ಅಲ್ಲಿಂದಾಚೆಗೆ ಮೋಜಿಗಾಗಿ ಮಾತ್ರ ಇಲಿ ಹಿಡಿಯುತ್ತದೆ.

ಮುಗಿದ ಕಥೆಯನ್ನು ಮುಂದುವರಿಸುವುದು ಏಕೆ ಕಷ್ಟ

ಆ ಕೊನೆಯ ಸಾಲಿನಲ್ಲೇ ತೊಡಕಿದೆ. ಕಾದಂಬರಿ ಅಥವಾ ಪತ್ತೇದಾರಿ ಕಥೆ ಒಂದು ಘಟನೆಯೊಂದಿಗೆ ನಿಲ್ಲುತ್ತದೆ. ಪತ್ತೇದಾರನಿಗೆ ನಾಳೆ ಇನ್ನೊಂದು ಕೊಲೆಯ ಸುದ್ದಿ ಬರಬಹುದು. ಅಡಗೂಲಜ್ಜಿ ಕಥೆ ಹಾಗೆ ನಿಲ್ಲುವುದಿಲ್ಲ, ಅದು ಬಾಗಿಲು ಹಾಕಿಕೊಳ್ಳುತ್ತದೆ. 'ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಹೀಗಿದ್ದೇವೆ' ಎಂದು ಕಥೆ ಹೇಳುವವರು ಮುಗಿಸಿದರೆ, ಇನ್ನು ಆ ಲೋಕದಲ್ಲಿ ಹೇಳುವಂಥದ್ದು ಏನೂ ನಡೆಯುವುದಿಲ್ಲ ಎಂದೇ ಅರ್ಥ. ಕಷ್ಟವೆಲ್ಲ ತೀರಿದೆ, ಕೆಟ್ಟವರಿಗೆ ಶಿಕ್ಷೆಯಾಗಿದೆ, ಮದುವೆಯೂ ಆಗಿದೆ.

ಹೀಗಾಗಿ ಇಂಥ ಕಥೆಯ ಮುಂದಿನ ಭಾಗವನ್ನು ಬರೆಯಲು ಕುಳಿತವರ ಮುಂದೆ ಎರಡು ಸುಲಭ ದಾರಿಗಳಿರುತ್ತವೆ. ಸತ್ತ ಖಳನ ಜಾಗಕ್ಕೆ ಅವನ ತಮ್ಮನನ್ನೋ ತಂಗಿಯನ್ನೋ ತಂದು ಅದೇ ಕಥೆಯನ್ನು ಮತ್ತೆ ಹೇಳುವುದು ಒಂದು. ನಾಯಕ ನಾಯಕಿಯರ ಮಗುವಿಗೆ ಅದೇ ಕಷ್ಟಗಳನ್ನು ಕೊಡುವುದು ಇನ್ನೊಂದು. 1992ರ 'ಅಲ್ಲಾದೀನ್' ಚಿತ್ರದ ಮುಂದಿನ ಭಾಗವನ್ನು ಡಿಸ್ನಿ ಸಂಸ್ಥೆ 1994ರಲ್ಲಿ ಚಿತ್ರಮಂದಿರಕ್ಕೆ ತಾರದೆ ನೇರವಾಗಿ ವಿಡಿಯೋ ಕ್ಯಾಸೆಟ್ಟಿನಲ್ಲಿ ಬಿಡುಗಡೆ ಮಾಡಿದ ಮೇಲೆ, ಸುಮಾರು ಒಂದೂವರೆ ದಶಕ ಕಡಿಮೆ ಖರ್ಚಿನ ಇಂಥ ಮುಂದುವರಿದ ಭಾಗಗಳು ಸಾಲುಸಾಲಾಗಿ ಬಂದವು. ಹೆಚ್ಚಿನವು ಈ ಎರಡು ದಾರಿಗಳಲ್ಲೇ ನಡೆದವು. ಸೀಕ್ವೆಲ್ ಎಂದರೆ ಸೊರಗಿದ ಚಿತ್ರ ಎಂಬ ಹೆಸರು ಅಂಟಿಕೊಂಡದ್ದರಲ್ಲಿ ಅವುಗಳ ಪಾಲು ಸಣ್ಣದಲ್ಲ.

ಮೂರನೆಯ ದಾರಿಯೊಂದಿದೆ, ಅದು ಕಡಿದಾದುದು. ಮೊದಲ ಕಥೆಯ ಸುಖಾಂತ್ಯವನ್ನೇ ಪ್ರಶ್ನೆಯಾಗಿ ಮಾಡಿಕೊಳ್ಳುವುದು. ಆ ಸುಖ ಉಳಿಯಿತೇ, ಅದಕ್ಕೆ ಯಾರು ಬೆಲೆ ತೆತ್ತರು, ಮೆರೆದವನು ಮುಂದೇನಾದ ಎಂದು ಕೇಳುವುದು. ಮೊದಲನೆಯದನ್ನು ಮೀರಿದ ಸೀಕ್ವೆಲ್‌ಗಳನ್ನು ಬಿಚ್ಚಿ ನೋಡಿದರೆ ಒಳಗೆ ಬಹುತೇಕ ಇದೇ ಕಾಣುತ್ತದೆ.

'ಮೀರಿತು' ಎಂದು ಹೇಳುವುದು ಯಾವ ಅಳತೆಯಿಂದ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಒಂದು ಚಿತ್ರ ಇನ್ನೊಂದನ್ನು ಮೀರಿತು ಎನ್ನುವಾಗ ಜನ ಬೇರೆ ಬೇರೆ ತಕ್ಕಡಿಗಳನ್ನು ಹಿಡಿದಿರುತ್ತಾರೆ.

ಹಣದ ತಕ್ಕಡಿಯಲ್ಲಿ ತೂಗಿದರೆ ನಮ್ಮ ಬೆಕ್ಕು ಸೋತಿದೆ. ಮೊದಲ ಚಿತ್ರ ಜಗತ್ತಿನಾದ್ಯಂತ ಸುಮಾರು 55 ಕೋಟಿ ಡಾಲರ್ ಗಳಿಸಿತ್ತು, ಎರಡನೆಯದು ಸುಮಾರು 48 ಕೋಟಿ. ಹನ್ನೊಂದು ವರ್ಷಗಳಲ್ಲಿ ಟಿಕೆಟ್ ದರ ಏರಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಂತರ ಇನ್ನೂ ಹಿಗ್ಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ 2019ರ 'ಫ್ರೋಜನ್ 2' ತನ್ನ ಮೊದಲ ಭಾಗದ ಸುಮಾರು 128 ಕೋಟಿ ಡಾಲರ್‌ನ ದಾಖಲೆಯನ್ನು ದಾಟಿ 145 ಕೋಟಿಯ ಹತ್ತಿರ ತಲುಪಿತು, ಆದರೆ ವಿಮರ್ಶಕರಲ್ಲಿ ಹೆಚ್ಚಿನವರು ಮೊದಲನೆಯದನ್ನೇ ಮೇಲಿಟ್ಟರು. ಮೊದಲ ಭಾಗದ ಮೇಲಿನ ಪ್ರೀತಿಯೇ ಎರಡನೆಯದಕ್ಕೆ ಜನರನ್ನು ಕರೆತರುವುದರಿಂದ, ಸೀಕ್ವೆಲ್‌ನ ಗಳಿಕೆ ಎಷ್ಟೋ ಸಲ ಹಿಂದಿನ ಚಿತ್ರಕ್ಕೆ ಸಂದ ಮೆಚ್ಚುಗೆಯೇ ಆಗಿರುತ್ತದೆ.

ಗುಣವನ್ನು ಅಂದಾಜು ಮಾಡಲು ಇದೇ ಹಣದ ಲೆಕ್ಕದೊಳಗೆ ಇನ್ನೊಂದು ಸೂಕ್ಷ್ಮ ಅಳತೆಯಿದೆ: ಮೊದಲ ವಾರಾಂತ್ಯದ ಗಳಿಕೆಗೂ ಒಟ್ಟು ಗಳಿಕೆಗೂ ಇರುವ ಅನುಪಾತ. ಮೊದಲ ವಾರಾಂತ್ಯದ ಪ್ರೇಕ್ಷಕರು ಜಾಹೀರಾತನ್ನು ನಂಬಿ ಬಂದವರು; ನಂತರದ ವಾರಗಳಲ್ಲಿ ಬರುವವರು ಹೆಚ್ಚಾಗಿ ನೋಡಿದವರ ಮಾತು ಕೇಳಿ ಬಂದವರು. ಅಮೆರಿಕ ಮತ್ತು ಕೆನಡಾದಲ್ಲಿ 2011ರ ಚಿತ್ರ ಮೊದಲ ವಾರಾಂತ್ಯ ಸುಮಾರು 3.4 ಕೋಟಿ ಡಾಲರ್ ಗಳಿಸಿ, ಒಟ್ಟು 15 ಕೋಟಿಯ ಹತ್ತಿರ ನಿಂತಿತು. ಅಂದರೆ ನಾಲ್ಕೂವರೆ ಪಟ್ಟಿಗೂ ಸ್ವಲ್ಪ ಕಡಿಮೆ. 'ದಿ ಲಾಸ್ಟ್ ವಿಶ್' ಬಿಡುಗಡೆಯಾದದ್ದು 'ಅವತಾರ್' ಚಿತ್ರದ ಎರಡನೆಯ ಭಾಗ ತೆರೆಗೆ ಬಂದ ಮರುವಾರದಲ್ಲಿ. ಮೊದಲ ವಾರಾಂತ್ಯ ಸಿಕ್ಕಿದ್ದು ಸುಮಾರು 1.2 ಕೋಟಿ ಮಾತ್ರ. ಅಲ್ಲಿಂದ ಅದು ವಾರಗಟ್ಟಲೆ ತೆರೆ ಬಿಟ್ಟಿಳಿಯದೆ 18.6 ಕೋಟಿಗೆ ಏರಿತು, ಸುಮಾರು ಹದಿನೈದು ಪಟ್ಟು. ಕ್ರಿಸ್ಮಸ್ ರಜೆಯ ನೆರವೂ ಇದರಲ್ಲಿದೆ ಎಂಬುದು ನಿಜ, ಆದರೆ ರಜೆಯೊಂದೇ ಒಂದು ಚಿತ್ರವನ್ನು ಇಷ್ಟು ದೂರ ಹೊತ್ತೊಯ್ಯುವುದಿಲ್ಲ.

ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ತಾಣದಲ್ಲಿ ಮೊದಲ ಚಿತ್ರಕ್ಕೆ ಸುಮಾರು 86, ಎರಡನೆಯದಕ್ಕೆ ಸುಮಾರು 95 ಪ್ರತಿಶತ ಎಂದಿದೆ. ಇವು ಪರೀಕ್ಷೆಯ ಅಂಕಗಳಂತೆ ಕಂಡರೂ ಅಂಕಗಳಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಜನ ಒಟ್ಟಾರೆ ಒಳ್ಳೆಯ ಮಾತಾಡಿದರು ಎಂಬುದಷ್ಟೇ ಅದರ ಅರ್ಥ. ಎಷ್ಟು ಒಳ್ಳೆಯದೆಂದರು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಆಸ್ಕರ್‌ನ ಅತ್ಯುತ್ತಮ ಅನಿಮೇಷನ್ ಚಿತ್ರ ವಿಭಾಗಕ್ಕೆ ಎರಡೂ ನಾಮನಿರ್ದೇಶನಗೊಂಡವು, ಎರಡೂ ಗೆಲ್ಲಲಿಲ್ಲ.

ಒಂಬತ್ತರಲ್ಲಿ ಎಂಟು ಕಳೆದರೆ

ಬೆಕ್ಕಿಗೆ ಒಂಬತ್ತು ಜೀವ ಎಂಬುದು ಇಂಗ್ಲಿಷಿನ ಹಳೆಯ ನಂಬಿಕೆ. 'ದಿ ಲಾಸ್ಟ್ ವಿಶ್' ಚಿತ್ರದ ನಿರ್ದೇಶಕ ಜೋಯಲ್ ಕ್ರಾಫರ್ಡ್ ಮತ್ತು ಸಹನಿರ್ದೇಶಕ ಜಾನುಯೆಲ್ ಮರ್ಕಾಡೊ ಅವರ ತಂಡ ಈ ನಂಬಿಕೆಯನ್ನು ಅಕ್ಷರಶಃ ಎತ್ತಿಕೊಂಡಿತು. ಚಿತ್ರ ಶುರುವಾಗುತ್ತಲೇ ಪುಸ್ ಒಂದು ದೈತ್ಯನನ್ನು ಸೋಲಿಸುತ್ತಾನೆ, ಜನರ ಜೈಕಾರ ಕೇಳಿಸಿಕೊಳ್ಳುತ್ತ ನಿಂತಿರುವಾಗ ದೊಡ್ಡ ಗಂಟೆಯೊಂದು ಮೇಲೆ ಬಿದ್ದು ಸಾಯುತ್ತಾನೆ. ಎಚ್ಚರವಾದಾಗ ವೈದ್ಯರು ಹಿಂದಿನ ಸಾವುಗಳ ಲೆಕ್ಕ ಕೇಳುತ್ತಾರೆ. ಗೂಳಿಗಳ ಮುಂದೆ ಓಡಿ ಸತ್ತದ್ದು, ಫಿರಂಗಿಯಿಂದ ಹಾರಿ ಸತ್ತದ್ದು ಹೀಗೆ ಒಂದೊಂದನ್ನೂ ನಗುತ್ತ ಹೇಳುತ್ತ ಹೋದ ಪುಸ್‌ಗೆ ಎಣಿಕೆ ಎಂಟಕ್ಕೆ ಬಂದು ನಿಂತಾಗ ಉಳಿದಿರುವುದು ಒಂದೇ ಎಂಬುದು ಹೊಳೆಯುತ್ತದೆ.

ಕಥೆಯ ಕುಶಲತೆ ಇರುವುದು ಈ ಚಿಕ್ಕ ಲೆಕ್ಕದಲ್ಲಿ. ಮೊದಲ ಚಿತ್ರದಲ್ಲಿ ಪುಸ್ ಹೊರಗಿನ ವಸ್ತುಗಳ ಹಿಂದೆ ಓಡಿದ್ದ: ಮಾಯದ ಕಾಳುಗಳು, ಚಿನ್ನದ ಮೊಟ್ಟೆಯಿಡುವ ಬಾತುಕೋಳಿ, ಕಳೆದುಕೊಂಡ ಒಳ್ಳೆಯ ಹೆಸರು. ಕೊನೆಗೆ ಹೆಸರೂ ಸಿಕ್ಕಿತು, ಅವನು ವೀರನಾದ. ಎರಡನೆಯ ಚಿತ್ರ ಅದೇ ವೀರತ್ವವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತದೆ. ಸಾಯುವ ಭಯವಿಲ್ಲದವನ ಧೈರ್ಯಕ್ಕೆ ಧೈರ್ಯವೆಂಬ ಹೆಸರು ಸಲ್ಲುವುದೇ? ಜೇಬಿನಲ್ಲಿ ಒಂಬತ್ತು ನಾಣ್ಯವಿದ್ದವನು ಎಂಟನ್ನು ಎಸೆದಾಡಿದ್ದು ಔದಾರ್ಯವೇನಲ್ಲ. ಒಂಬತ್ತನೆಯದನ್ನು ಮುಷ್ಟಿಯಲ್ಲಿ ಹಿಡಿದಾಗಲೇ ಅವನ ಕೈ ನಡುಗುತ್ತದೆ.

ಹೀಗಾಗಿ ಪುಸ್ ಟೋಪಿ ಬೂಟುಗಳನ್ನು ಹೂತುಹಾಕಿ, ಬೆಕ್ಕುಗಳನ್ನು ಸಾಕುವ ಮುದುಕಿಯೊಬ್ಬಳ ಮನೆಯಲ್ಲಿ ಸಾಧಾರಣ ಮನೆಬೆಕ್ಕಾಗಿ ಸೇರಿಕೊಳ್ಳುತ್ತಾನೆ. ಪೆರೋ ಹೇಳಿದ ನಿವೃತ್ತ ಬೆಕ್ಕಿನ ಸುಖ ಇದುವೇ ಆಗಿರಬೇಕಿತ್ತು. ಇಲ್ಲಿ ಅದು ಸುಖದಂತೆ ಕಾಣುವುದಿಲ್ಲ, ಗಡ್ಡ ಬೆಳೆಸಿಕೊಂಡು ದಿನ ಎಣಿಸುವ ಬದುಕಾಗಿದೆ. ಅಷ್ಟರಲ್ಲಿ ಒಂದೇ ಒಂದು ಕೋರಿಕೆಯನ್ನು ಈಡೇರಿಸುವ ನಕ್ಷತ್ರವೊಂದು ಕಾಡಿನಲ್ಲಿ ಬಿದ್ದಿದೆಯೆಂಬ ಸುದ್ದಿ ತಿಳಿದು, ಕಳೆದ ಜೀವಗಳನ್ನು ಮರಳಿ ಕೇಳಲು ಹೊರಡುತ್ತಾನೆ. ಜೊತೆಗೆ ಹಳೆಯ ಸಂಗಾತಿ ಕಿಟ್ಟಿ, ಇನ್ನೊಬ್ಬರಿಂದ ಏನನ್ನೂ ಬಯಸದ ಪೆರಿಟೊ ಎಂಬ ಪುಟ್ಟ ನಾಯಿ.

ಅದೇ ನಕ್ಷತ್ರಕ್ಕೆ ಬೇರೆಯವರೂ ಕೈಚಾಚಿದ್ದಾರೆ. ಮೂರು ಕರಡಿಗಳ ಮನೆಗೆ ನುಗ್ಗಿದ ಗೋಲ್ಡಿಲಾಕ್ಸ್ ಇಲ್ಲಿ ಅದೇ ಕರಡಿಗಳ ಸಾಕುಮಗಳಾಗಿ ಬೆಳೆದು, ನಿಜವಾದ ಕುಟುಂಬ ಬೇಕೆಂದು ಕೋರಲು ಹೊರಟಿದ್ದಾಳೆ. (ರಾಬರ್ಟ್ ಸೌಥಿ 1837ರಲ್ಲಿ ಈ ಕರಡಿಗಳ ಕಥೆಯನ್ನು ಅಚ್ಚು ಹಾಕಿಸಿದಾಗ ಮನೆಗೆ ನುಗ್ಗಿದವಳು ಹುಡುಗಿಯೇ ಅಲ್ಲ, ಒಬ್ಬ ಮುದುಕಿ, ಅಡಗೂಲಜ್ಜಿ ಕಥೆಗಳು ಎಂದೂ ಕಲ್ಲಿನಲ್ಲಿ ಕೊರೆದಂತೆ ಇದ್ದವಲ್ಲ.) ನಕ್ಷತ್ರದ ದಾರಿ ತೋರಿಸುವ ನಕ್ಷೆಯೂ ಹಿಡಿದವರ ಮನಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಪುಸ್ ಹಿಡಿದರೆ ಬೆಂಕಿಯ ಕಣಿವೆ, ಪೆರಿಟೊ ಹಿಡಿದರೆ ಹೂವಿನ ಹಾದಿ. ಪಾತ್ರಗಳ ಸ್ವಭಾವವನ್ನು ಮಾತಿನಲ್ಲಿ ಹೇಳಿಸುವ ಬದಲು ಭೂಗೋಳವನ್ನಾಗಿ ಮಾಡಿ ತೋರಿಸಿದ ಈ ಉಪಾಯ ನನಗೆ ಚಿತ್ರದ ಅತ್ಯಂತ ಜಾಣತನದ ಕೆಲಸವೆನಿಸುತ್ತದೆ.

ನಡುವೆ ಬರುವ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ತೋಳ ಮತ್ತೆ ಕಾಣಿಸಿಕೊಂಡಾಗ ಪುಸ್ ಕಾಡಿನೊಳಕ್ಕೆ ಓಡಿ, ಮರಕ್ಕೆ ಒರಗಿ ಕುಸಿಯುತ್ತಾನೆ. ಉಸಿರು ಸಿಗುತ್ತಿಲ್ಲ, ಎದೆಬಡಿತ ಬಿಟ್ಟರೆ ಬೇರೆ ದನಿಯೆಲ್ಲ ಹಿಂದೆ ಸರಿಯುತ್ತದೆ. ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುವ, ಹಠಾತ್ತಾಗಿ ಮುತ್ತುವ ತೀವ್ರ ಭಯದ ಸ್ಥಿತಿ ಇದು. ಹಿಂದೆಯೇ ಬಂದ ಪೆರಿಟೊ ಏನಾಯಿತೆಂದು ಕೆದಕುವುದಿಲ್ಲ, ಸಮಾಧಾನದ ಮಾತೂ ಆಡುವುದಿಲ್ಲ. ಪುಸ್‌ನ ಹೊಟ್ಟೆಯ ಮೇಲೆ ಮೆಲ್ಲನೆ ತಲೆಯಿಡುತ್ತಾನೆ. ಪುಸ್‌ನ ಕೈ ತಾನಾಗಿ ನಾಯಿಯ ತಲೆ ಸವರತೊಡಗುತ್ತದೆ, ಉಸಿರು ಹದಕ್ಕೆ ಬರುತ್ತದೆ. ಮೊದಲ ಚಿತ್ರದಲ್ಲಿ ಇಂಥದ್ದಕ್ಕೆ ಜಾಗವೇ ಇರಲಿಲ್ಲ, ಏಕೆಂದರೆ ಅಲ್ಲಿನ ಪುಸ್‌ಗೆ ಹೆದರುವುದು ಗೊತ್ತಿರಲಿಲ್ಲ.

ಒಂದು ಸೆಕೆಂಡಿಗೆ ಎಷ್ಟು ಭಂಗಿ

ಎರಡನೆಯ ಚಿತ್ರ ಕಣ್ಣಿಗೆ ಬೇರೆಯಾಗಿ ಕಾಣುತ್ತದೆಂದು ಎಲ್ಲರಿಗೂ ಅನ್ನಿಸುತ್ತದೆ, ಏನು ಬೇರೆಯೆಂದು ಕೇಳಿದರೆ ಹೇಳುವುದು ಕಷ್ಟ. ಅದಕ್ಕೆ ಅನಿಮೇಷನ್ನಿನ ಮೂಲಪಾಠಕ್ಕೆ ಹೋಗಬೇಕು.

ನೋಟ್‌ಬುಕ್ಕಿನ ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಗೊಂಬೆಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಬರೆದು, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟರೆ ಗೊಂಬೆ ಓಡುತ್ತದೆ. ಸಿನಿಮಾ ಎಂದರೆ ಸೆಕೆಂಡಿಗೆ 24 ಹಾಳೆ ಸರಿಯುವ ನೋಟ್‌ಬುಕ್. ಆ ಒಂದೊಂದು ಹಾಳೆಯನ್ನು ಫ್ರೇಮ್ ಎನ್ನುತ್ತಾರೆ. ಪ್ರತಿ ಫ್ರೇಮಿಗೂ ಪಾತ್ರದ ಹೊಸ ಭಂಗಿ ಕೊಟ್ಟರೆ ಚಲನೆ ನೀರಿನಂತೆ ನಯವಾಗಿರುತ್ತದೆ. ಇದನ್ನು ಅನಿಮೇಷನ್ ಮಾಡುವವರು 'ಆನ್ ಒನ್ಸ್' ಎನ್ನುತ್ತಾರೆ. ಒಂದೇ ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿದಿಟ್ಟರೆ ಸೆಕೆಂಡಿಗೆ 12 ಭಂಗಿಗಳು ಸಾಕು. ಇದು 'ಆನ್ ಟೂಸ್'. ಕೈಯಲ್ಲಿ ಬರೆಯುವ ಕಾಲದಲ್ಲಿ ದುಡಿಮೆ ಉಳಿಸಲು ಇದು ರೂಢಿಯಲ್ಲಿತ್ತು. ಕಂಪ್ಯೂಟರ್ ಬಂದ ಮೇಲೆ ನಡುವಿನ ಭಂಗಿಗಳನ್ನು ಯಂತ್ರವೇ ತುಂಬಿಕೊಡುವುದರಿಂದ ಎಲ್ಲವೂ ನಯವಾಯಿತು, ಮುಂದಿನ ಎರಡು ದಶಕ ಸ್ಟುಡಿಯೋಗಳ ಪೈಪೋಟಿ ನೈಜತೆಯ ಕಡೆಗೇ ಇತ್ತು. 2011ರ ಪುಸ್‌ನ ಮೈಮೇಲೆ ಒಂದೊಂದು ರೋಮವೂ ಬೇರೆಯಾಗಿ ಕಾಣುವುದು ಆ ಪೈಪೋಟಿಯ ಫಲ.

2018ರಲ್ಲಿ ಸೋನಿ ಸಂಸ್ಥೆಯ 'ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್' ಚಿತ್ರ ಬಂದು ಈ ಓಟದ ದಿಕ್ಕನ್ನೇ ಬದಲಿಸಿತು. ಅದು ಕಾಮಿಕ್ ಪುಸ್ತಕದ ಪುಟದಂತೆ ಕಂಡಿತು, ಪಾತ್ರಗಳು ಬೇಕೆಂದೇ 'ಆನ್ ಟೂಸ್' ಓಡಾಡಿದವು. 'ದಿ ಲಾಸ್ಟ್ ವಿಶ್' ತಂಡ ಆ ಪಾಠವನ್ನು ಕಲಿತು ಬೇರೆಡೆಗೆ ಹಚ್ಚಿತು: ಇದು ಅಡಗೂಲಜ್ಜಿ ಕಥೆಯಾದ್ದರಿಂದ ಹಳೆಯ ಕಥಾಪುಸ್ತಕಗಳ ವರ್ಣಚಿತ್ರದಂತೆ ಕಾಣಬೇಕು. ಮರದ ಎಲೆಗಳು ಕುಂಚದ ಬಳಿತಗಳಾದವು, ರೋಮ ಎಳೆಎಳೆಯಾಗಿ ಉಳಿಯದೆ ಬಣ್ಣದ ಗುಚ್ಛಗಳಾಯಿತು. ಮಾತುಕತೆಯ ದೃಶ್ಯಗಳಲ್ಲಿ ಚಲನೆ ನಯವಾಗಿದ್ದು, ಕಾಳಗ ಶುರುವಾದೊಡನೆ ಭಂಗಿಗಳ ಸಂಖ್ಯೆ ಇಳಿಯುತ್ತದೆ. ಪ್ರತಿ ಹೊಡೆತವೂ ಒಂದು ಚಿತ್ರಪಟದಂತೆ ಅರೆಗಳಿಗೆ ನಿಂತು ಮುಂದಿನದಕ್ಕೆ ಜಿಗಿಯುತ್ತದೆ.

ಇಂಟರ್ನೆಟ್ ನಿಧಾನವಾದಾಗ ವಿಡಿಯೋ ತಡವರಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೆಲವರು ಕೇಳುತ್ತಾರೆ. ವಿಡಿಯೋ ತಡವರಿಸುವಾಗ ಯಾವ ಚಿತ್ರ ನಿಲ್ಲಬೇಕೆಂದು ಯಾರೂ ಆರಿಸಿರುವುದಿಲ್ಲ. ಇಲ್ಲಿ ಪ್ರತಿಯೊಂದು ನಿಲುಗಡೆಯೂ ಕಲಾವಿದರ ಆಯ್ಕೆ. ಮಾತು ಮರೆತು ತಡವರಿಸುವವನಿಗೂ ಬೇಕೆಂದೇ ಮೌನವಿಟ್ಟು ಮಾತಾಡುವ ಭಾಷಣಕಾರನಿಗೂ ಇರುವ ಅಂತರವದು.

ಹಿಂದೆ ಹೀಗೆ ಗೆದ್ದವರು

ಈ ಮೂರನೆಯ ದಾರಿಯನ್ನು ಇದೇ ಸ್ಟುಡಿಯೋ 2004ರಲ್ಲೇ ತುಳಿದಿತ್ತು. 2001ರ 'ಶ್ರೆಕ್' ರಾಜಕುಮಾರಿ ಫಿಯೋನಾ ಮತ್ತು ಹಸಿರು ದೈತ್ಯ ಶ್ರೆಕ್ ಮದುವೆಯೊಂದಿಗೆ ಮುಗಿದು, ಅನಿಮೇಷನ್ ಚಿತ್ರಗಳಿಗಾಗಿ ಹೊಸದಾಗಿ ಶುರುವಾದ ಆಸ್ಕರ್ ಪ್ರಶಸ್ತಿಯನ್ನು ಮೊಟ್ಟಮೊದಲಿಗೆ ಪಡೆಯಿತು. 'ಶ್ರೆಕ್ 2' ಕೇಳಿದ್ದು ಸರಳ ಪ್ರಶ್ನೆ: ಮದುವೆಯೇನೋ ಆಯಿತು, ಹುಡುಗಿಯ ಅಪ್ಪ ಅಮ್ಮ ಏನೆಂದರು? ಅಲ್ಲಿಂದ ಹೊರಟ ಕಥೆಯಲ್ಲಿ ಸುಖಾಂತ್ಯವೇ ಬಾಟಲಿಯಲ್ಲಿ ತುಂಬಿದ ಮದ್ದಾಗಿ ಬರುತ್ತದೆ. ಅದನ್ನು ಕುಡಿದ ಶ್ರೆಕ್ ಸುಂದರ ಪುರುಷನಾಗುತ್ತಾನೆ, ಫಿಯೋನಾ ಮನುಷ್ಯಳಾಗುತ್ತಾಳೆ, ಮಧ್ಯರಾತ್ರಿಯೊಳಗೆ ಒಂದು ಮುತ್ತಿಟ್ಟರೆ ಆ ರೂಪ ಶಾಶ್ವತ. ಫಿಯೋನಾ ಮುತ್ತು ಬೇಡವೆನ್ನುತ್ತಾಳೆ. ಅವಳ ತಂದೆಯಾದ ರಾಜನೂ ಹಿಂದೊಮ್ಮೆ ಇಂಥದೇ ಸುಖಾಂತ್ಯವನ್ನು ಸಾಲ ಪಡೆದಿದ್ದ ಕಪ್ಪೆಯೆಂದು ಕೊನೆಗೆ ತಿಳಿಯುತ್ತದೆ. ಮೊದಲ ಭಾಗ ಸುಮಾರು 48 ಕೋಟಿ ಡಾಲರ್ ಗಳಿಸಿದ್ದರೆ, ಇದು 93 ಕೋಟಿಯ ಆಸುಪಾಸು ತಲುಪಿ ಆ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಗಳಿಸಿದ ಚಿತ್ರವಾಯಿತು.

ನೇರ ವಿಡಿಯೋ ಚಿತ್ರಗಳ ಸಾಲಿನಲ್ಲೂ ಒಂದು ಅಪವಾದವಿದೆ. ಸಿಂಡ್ರೆಲ್ಲಾ ಕಥೆಯ ಎರಡನೆಯ ಭಾಗ ಸಪ್ಪೆಯಾಗಿದ್ದರೂ, 2007ರಲ್ಲಿ ಬಂದ ಮೂರನೆಯದರಲ್ಲಿ ಮಲತಾಯಿಯ ಕೈಗೆ ಮಂತ್ರದಂಡ ಸಿಕ್ಕಿ, ಅವಳು ಕಾಲವನ್ನೇ ಹಿಂದಕ್ಕೆ ತಿರುಗಿಸಿ ಗಾಜಿನ ಪಾದರಕ್ಷೆ ತನ್ನ ಮಗಳ ಕಾಲಿಗೆ ಹಿಡಿಸುವಂತೆ ಮಾಡುತ್ತಾಳೆ. ಪಾದರಕ್ಷೆ ಇಲ್ಲದೆಯೂ ಸಿಂಡ್ರೆಲ್ಲಾ ಅರಮನೆ ಸೇರಬಲ್ಲಳೇ ಎಂಬುದು ಆಗ ಪ್ರಶ್ನೆಯಾಗುತ್ತದೆ. 1950ರ ಮೂಲ ಚಿತ್ರವನ್ನು ಇದು ಮೀರಿತೆಂದು ಯಾರೂ ಹೇಳಲಾರರು, ಆದರೆ ಎರಡನೆಯದನ್ನು ಎಷ್ಟೋ ಹಿಂದೆ ಹಾಕಿತು.

ತೋಳ ಯಾರು

ಕೊನೆಯ ಭಾಗದಲ್ಲಿ, ಕಳೆದುಕೊಂಡ ಎಂಟು ಜೀವಗಳ ನೆರಳುಗಳು ಹರಳಿನ ಗೋಡೆಗಳಲ್ಲಿ ನಿಂತು ಜಂಬ ಕೊಚ್ಚುವ ಗುಹೆಯೊಂದರಲ್ಲಿ, ತೋಳ ತಾನು ಯಾರೆಂದು ಹೇಳುತ್ತದೆ. ಬಹುಮಾನಕ್ಕಾಗಿ ತಲೆ ಕಡಿಯಲು ಬಂದ ಬೇಟೆಗಾರನಲ್ಲ, ಸಾಕ್ಷಾತ್ ಮೃತ್ಯು. ಎಂಟು ಜೀವಗಳನ್ನು ಲೆಕ್ಕವಿಲ್ಲದೆ ಪೋಲು ಮಾಡಿದವನ ಒಂಬತ್ತನೆಯದನ್ನು ಕಾಯದೆಯೇ ಒಯ್ಯಲು ಬಂದಿದೆ. ಮೊದಲ ಚಿತ್ರದ ಖಳ ಹಂಪ್ಟಿ ಡಂಪ್ಟಿ, ದ್ರೋಹ ಬಗೆದ ಬಾಲ್ಯದ ಗೆಳೆಯ. ಅವನೊಡನೆ ರಾಜಿ ಸಾಧ್ಯವಿತ್ತು, ಅವನನ್ನು ಸೋಲಿಸಲೂ ಸಾಧ್ಯವಿತ್ತು. ಈ ಎದುರಾಳಿಯನ್ನು ಸೋಲಿಸಲು ಯಾರಿಗೂ ಆಗದು, ಪ್ರೇಕ್ಷಕರಿಗೂ ಅದು ಗೊತ್ತು. ಎರಡು ಚಿತ್ರಗಳ ತೂಕದಲ್ಲಿ ಇಷ್ಟು ಅಂತರ ಬಂದದ್ದು ಇಲ್ಲಿಂದಲೇ.

ನಕ್ಷತ್ರದ ಬಳಿ ಪುಸ್‌ನ ಕೈಗೆ ನಕ್ಷೆ ಸಿಗುತ್ತದೆ, ಅವನು ಕೋರಿಕೆಯನ್ನು ಬಿಟ್ಟುಕೊಡುತ್ತಾನೆ. ಬೆಂಕಿಯ ಬಳೆಯೊಳಗೆ ತೋಳಕ್ಕೆ ಎದುರು ನಿಂತು, ನಿನ್ನನ್ನು ಗೆಲ್ಲಲಾರೆನೆಂಬುದು ಗೊತ್ತು, ಆದರೂ ಈ ಒಂದು ಜೀವಕ್ಕಾಗಿ ಹೋರಾಡುತ್ತಲೇ ಇರುತ್ತೇನೆ ಎನ್ನುತ್ತಾನೆ. ಸೊಕ್ಕಿನ ಬೆಕ್ಕನ್ನು ಹುಡುಕಿ ಬಂದಿದ್ದ ತೋಳಕ್ಕೆ ಆ ಬೆಕ್ಕು ಅಲ್ಲಿ ಕಾಣುವುದಿಲ್ಲ. ಸಿಡಿಮಿಡಿಗೊಂಡು ಕುಡುಗೋಲನ್ನು ತಗ್ಗಿಸಿ, ಮತ್ತೆ ಭೇಟಿಯಾಗುವುದು ಇದ್ದೇ ಇದೆಯೆಂದು ಇಬ್ಬರೂ ಒಪ್ಪಿಕೊಂಡ ಮೇಲೆ, ಅದು ಬಂದ ದಾರಿಯಲ್ಲೇ ಶಿಳ್ಳೆ ಹಾಕುತ್ತ ಹೊರಟುಹೋಗುತ್ತದೆ.